ವಿದ್ಯಾರ್ಥಿಗಳ ಪರಿಸರಸ್ನೇಹಿ ಮನೆ ಯೋಜನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ವಿದ್ಯಾರ್ಥಿಗಳು ಮನೆಯಲ್ಲಿ ಕೈಗೊಳ್ಳಬಹುದಾದ ಪರಿಸರ ಯೋಜನೆಗಳ ಬಗ್ಗೆ ಅವರೂ ಅವರ ಪಾಲಕರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕರ್ನಾಟಕದ ಹವಾಮಾನ, ಇಲ್ಲಿನ ನಿಯಮಗಳು ಮತ್ತು ಇಲ್ಲಿನ ಮನೆಗಳಲ್ಲಿ ಸಹಜವಾಗಿ ದೊರೆಯುವ ಸಾಮಗ್ರಿಗಳನ್ನು ಗಮನದಲ್ಲಿಟ್ಟುಕೊಂಡು ಉತ್ತರಗಳನ್ನು ಸಿದ್ಧಪಡಿಸಲಾಗಿದೆ.

ಯಾವ ಯೋಜನೆಯನ್ನು ನಿಜವಾಗಿ ಪರಿಸರಸ್ನೇಹಿ ಎನ್ನಬಹುದು?

ಶಾಲೆಯ ವಸ್ತುಪ್ರದರ್ಶನ ಮುಗಿದ ಮೇಲೂ ಮನೆಯಲ್ಲಿ ಬಳಕೆಯಲ್ಲಿ ಉಳಿಯುವ, ಹೊಸದಾಗಿ ಹೆಚ್ಚೇನನ್ನೂ ಕೊಳ್ಳದೆ ಮಾಡಬಹುದಾದ, ಎಷ್ಟು ನೀರು, ಕಸ ಅಥವಾ ವಿದ್ಯುತ್ತು ಉಳಿಯಿತೆಂದು ಅಳೆದು ತೋರಿಸಬಹುದಾದ ಯೋಜನೆಯನ್ನು ಹಾಗೆ ಕರೆಯಬಹುದು. ಈ ಅಳತೆಗೆ ನಿಲ್ಲದ ಮಾದರಿಗಳೇ ಪ್ರದರ್ಶನಗಳಲ್ಲಿ ಹೆಚ್ಚು ಕಾಣಿಸುತ್ತವೆ. ಥರ್ಮಕೋಲ್ ಹಾಳೆಯ ಮೇಲೆ ಪ್ಲಾಸ್ಟಿಕ್ ಹುಲ್ಲು ಅಂಟಿಸಿ ಮಾಡಿದ 'ಹಸಿರು ಗ್ರಾಮ' ಮರುದಿನ ಶಾಲೆಯ ಹಿತ್ತಲಿನಲ್ಲಿ ಕಸವಾಗಿ ಬಿದ್ದಿರುತ್ತದೆ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಕ್ಕೊಳಗಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಕೋಲ್ ಕೂಡ ಸೇರಿದೆ ಎಂಬುದನ್ನು ಮಾದರಿ ಮಾಡಿಸುವ ಶಿಕ್ಷಕರು ಗಮನಿಸುವುದು ಒಳ್ಳೆಯದು. ಮಾದರಿ ಬೇಕೇ ಬೇಕೆಂದಾದರೆ ರಟ್ಟು, ಜೇಡಿಮಣ್ಣು, ಬಿದಿರಿನ ಕಡ್ಡಿ ಮತ್ತು ಅಡಿಕೆ ಹಾಳೆಗಳಿಂದಲೇ ಅದನ್ನು ಅಂದವಾಗಿ ಮಾಡಬಹುದು.

ಎಲ್ಲಿಂದ ಆರಂಭಿಸಬೇಕು?

ಏನನ್ನೂ ಕಟ್ಟುವ ಮೊದಲು ಒಂದು ವಾರ ಮನೆಯನ್ನು ಅಳೆಯುವುದರಿಂದ ಆರಂಭಿಸಬೇಕು. ಹಸಿ ಕಸವನ್ನೂ ಒಣ ಕಸವನ್ನೂ ಪ್ರತ್ಯೇಕವಾಗಿ ತೂಗಿ, ವಿದ್ಯುತ್ ಮೀಟರಿನ ಅಂಕಿಯನ್ನು ದಿನವೂ ಒಂದೇ ಹೊತ್ತಿಗೆ ಬರೆದುಕೊಂಡು, ನೀರಿನ ಟ್ಯಾಂಕ್ ಎಷ್ಟು ದಿನಕ್ಕೊಮ್ಮೆ ಖಾಲಿಯಾಗುತ್ತದೆ ಎಂಬುದನ್ನು ನೋಡಿದರೆ, ಆ ಮನೆಗೆ ಯಾವ ಯೋಜನೆ ಹೊಂದುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಹಿತ್ತಲಿನಲ್ಲಿ ಮೊದಲೇ ಗೊಬ್ಬರದ ಗುಂಡಿ ಇರುವ ಮಲೆನಾಡಿನ ತೋಟದ ಮನೆಯ ವಿದ್ಯಾರ್ಥಿ ಬಕೆಟ್ಟಿನಲ್ಲಿ ಕಾಂಪೋಸ್ಟ್ ಮಾಡಿದರೆ ಅಲ್ಲಿ ಹೊಸದಾಗಿ ಉಳಿಯುವುದು ಏನೂ ಇಲ್ಲ. ಅದೇ ಕೆಲಸಕ್ಕೆ ಬೆಂಗಳೂರಿನ ಮೂರನೇ ಮಹಡಿಯ ಮನೆಯಲ್ಲಿ ಬಹಳ ಬೆಲೆಯಿದೆ.

ಅಡುಗೆಮನೆಯ ಕಸದಿಂದ ಗೊಬ್ಬರ ಮಾಡುವುದು ಹೇಗೆ? ವಾಸನೆ ಬರುವುದಿಲ್ಲವೇ?

ಬೆಂಗಳೂರಿನ ಕಸ ಮಾವಳ್ಳಿಪುರ ಮತ್ತು ಮಂಡೂರಿನಲ್ಲಿ ಬೆಟ್ಟದಂತೆ ಬೆಳೆದು, ಅಲ್ಲಿನ ಜನರ ಹೋರಾಟದ ಬಳಿಕ 2012ರಲ್ಲಿ ಮಾವಳ್ಳಿಪುರಕ್ಕೂ 2014ರಲ್ಲಿ ಮಂಡೂರಿಗೂ ಕಸ ಸಾಗಿಸುವುದು ನಿಂತಿತು. 2015ರ ಡಿಸೆಂಬರಿನಲ್ಲಿ ರಾಜ್ಯದ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು ನಗರದಲ್ಲಿ ಕಡ್ಡಾಯಗೊಳಿಸಿತು. ಅದರಂತೆ ಹಸಿರು ಡಬ್ಬ ಹಸಿ ಕಸಕ್ಕೆ, ಕೆಂಪು ಡಬ್ಬ ಡಯಾಪರ್, ಸ್ಯಾನಿಟರಿ ಪ್ಯಾಡ್‌ಗಳಂಥ ತ್ಯಾಜ್ಯಕ್ಕೆ, ಚೀಲ ಒಣ ಕಸಕ್ಕೆ ಮೀಸಲು. ಇವುಗಳಲ್ಲಿ ಹಸಿರು ಡಬ್ಬವೊಂದನ್ನು ಮನೆಯಲ್ಲೇ ನಿಭಾಯಿಸಿದರೆ ಹೊರಗೆ ಹೋಗುವ ಕಸದ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಮಾಡುವ ಕ್ರಮ ಸರಳವಾಗಿದೆ. ಪೇಂಟಿನ ಹಳೆಯ ಬಕೆಟ್ ಇಲ್ಲವೇ ದೊಡ್ಡ ಮಣ್ಣಿನ ಮಡಕೆಯ ಪಕ್ಕಗಳಲ್ಲಿಯೂ ತಳದಲ್ಲಿಯೂ ಗಾಳಿಯಾಡಲು ತೂತುಗಳನ್ನು ಮಾಡಿ, ಕೆಳಗೆ ನಾಲ್ಕು ಬೆರಳಿನಷ್ಟು ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿ ಹರಡಬೇಕು. ದಿನದ ತರಕಾರಿ ಸಿಪ್ಪೆ, ಕಾಫಿ ಚರಟ, ನೀರು ಬಸಿದ ಅನ್ನ, ಒಣಗಿದ ಹೂವು ಮುಂತಾದವನ್ನು ಚಿಕ್ಕದಾಗಿ ಹೆಚ್ಚಿ ಹಾಕಿ, ಅದರ ಮೇಲೆ ಕಸದಷ್ಟೇ ಅಥವಾ ಅದರ ಎರಡರಷ್ಟು ಪ್ರಮಾಣದ ಒಣ ಎಲೆ ಮುಚ್ಚಬೇಕು. ಮೊದಲ ಸಲ ಸೂಕ್ಷ್ಮಜೀವಿಗಳಿಗಾಗಿ ಸ್ವಲ್ಪ ಹುಳಿ ಮಜ್ಜಿಗೆ, ಸಗಣಿ ನೀರು ಅಥವಾ ಹಳೆಯ ಗೊಬ್ಬರ ಬೆರೆಸಿದರೆ ಸಾಕು. ಅಂಗಡಿಯಲ್ಲಿ ಮಾರುವ ಪುಡಿಗಳನ್ನು ಕೊಳ್ಳುವ ಅಗತ್ಯವಿಲ್ಲ. ವಾರಕ್ಕೆರಡು ಸಲ ಕೆದಕಿಕೊಟ್ಟು, ಬಕೆಟ್ ತುಂಬಿದ ಮೇಲೆ ಅದನ್ನು ಮುಚ್ಚಿಟ್ಟು ಎರಡನೆಯದನ್ನು ಬಳಸತೊಡಗಬೇಕು. ಮುಚ್ಚಿಟ್ಟದ್ದು ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಗುತ್ತದೆ.

ವಾಸನೆ ಬಂದರೆ ಅದಕ್ಕೊಂದು ಕಾರಣವಿರುತ್ತದೆ. ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಇದ್ದರೆ ಅನುಕೂಲ. ಅಡುಗೆಮನೆಯ ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಮೂಗಿಗೆ ಅಡರುವ ಅಮೋನಿಯಾ ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ ಎಂದೂ, ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ಆಡುತ್ತಿಲ್ಲ ಎಂದೂ ತಿಳಿಯಬೇಕು. ಬೂದು ಬಣ್ಣದ ದಪ್ಪ ಹುಳುಗಳು ಕಾಣಿಸಿದರೆ ಮನೆಯವರು ಹೆದರಿ ಬಕೆಟ್ಟನ್ನೇ ಎಸೆಯುವುದುಂಟು. ಅವು ಸಾಮಾನ್ಯವಾಗಿ ಕಪ್ಪು ಸೈನಿಕ ನೊಣದ ಮರಿಹುಳುಗಳಾಗಿದ್ದು, ಕಸವನ್ನು ಬೇಗ ತಿಂದು ಮುಗಿಸುವುದಲ್ಲದೆ ಯಾರಿಗೂ ತೊಂದರೆ ಕೊಡುವುದಿಲ್ಲ. ಮೊದಲ ಸಲದ ಸ್ವಲ್ಪ ಮಜ್ಜಿಗೆಯನ್ನು ಬಿಟ್ಟರೆ, ಮಾಂಸ, ಮೀನು, ಎಣ್ಣೆ ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಚಿಕ್ಕ ಬಕೆಟ್ಟಿಗೆ ಹಾಕಬಾರದು.

ಇದನ್ನು ವಿಜ್ಞಾನದ ಯೋಜನೆಯಾಗಿ ಬೆಳೆಸಬೇಕೆಂದರೆ, ಒಂದು ಬಕೆಟ್ಟಿಗೆ ಒಣ ಎಲೆ ಸಮಪ್ರಮಾಣದಲ್ಲಿ, ಇನ್ನೊಂದಕ್ಕೆ ಎರಡರಷ್ಟು ಹಾಕಿ, ಎರಡರ ಉಷ್ಣತೆಯನ್ನು ದಿನವೂ ದಾಖಲಿಸಬಹುದು. ಗೊಬ್ಬರ ಪಕ್ವವಾಗಿದೆಯೇ ಎಂಬುದನ್ನು ಮೆಂತ್ಯದ ಬೀಜಗಳಿಂದ ಪರೀಕ್ಷಿಸಬಹುದು: ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಬೀಜಗಳು ಬರೀ ಮಣ್ಣಿಗಿಂತ ಕಡಿಮೆ ಮೊಳೆತರೆ ಅದಿನ್ನೂ ಹಸಿಯಾಗಿದೆ ಎಂದರ್ಥ.

ಬಾಡಿಗೆ ಮನೆ, ಬಾಲ್ಕನಿಯೂ ಇಲ್ಲ. ಆಗೇನು ಮಾಡುವುದು?

ಎರಡು ಚಿಕ್ಕ ಬಕೆಟ್ಟುಗಳಿಗೆ ಕಿಟಕಿಯ ಪಕ್ಕದ ಜಾಗವೇ ಸಾಕು. ಕಷ್ಟವಾಗುವುದು ಒಣ ಎಲೆಗೆ. ಬೀದಿ ಗುಡಿಸುವ ಪೌರಕಾರ್ಮಿಕರನ್ನು ಕೇಳಿದರೆ ಒಂದು ಚೀಲ ಎಲೆ ಸಂತೋಷದಿಂದಲೇ ಕೊಡುತ್ತಾರೆ. ಮನೆಯ ಒಡೆಯರು ಒಪ್ಪದಿದ್ದರೆ ನೀರು ಅಥವಾ ವಿದ್ಯುತ್ತಿನ ಯೋಜನೆಯನ್ನು ಆರಿಸಿಕೊಳ್ಳುವುದೇ ಸರಿ.

ನಿಂಬೆ, ಕಿತ್ತಳೆ ಸಿಪ್ಪೆಯ ಜೈವಿಕ ಕಿಣ್ವ ನಿಜಕ್ಕೂ ಉಪಯುಕ್ತವೇ?

ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರನ್ನು ಮೂರು ತಿಂಗಳು ಹುದುಗಿಸಿ ಪಡೆಯುವ ಈ ದ್ರಾವಣ ಹುಳಿಯಾಗಿರುತ್ತದೆ. ನೆಲ ಒರೆಸಲು, ಬಚ್ಚಲಿನ ನಲ್ಲಿಯ ಮೇಲಿನ ಬಿಳಿ ಕಲೆ ತೆಗೆಯಲು ಆಗುತ್ತದೆ. ಆದರೆ ಇದರ ಬಗ್ಗೆ ಹೇಳುವ ಮಾತುಗಳು ಇದರ ಶಕ್ತಿಯನ್ನು ಮೀರಿವೆ. ಇದು ರೋಗಾಣುನಾಶಕಕ್ಕೆ ಬದಲಿಯಲ್ಲ, ಮತ್ತು ಕೆರೆಗಳನ್ನು ಶುದ್ಧಗೊಳಿಸಲೆಂದು ಇದನ್ನು ನೀರಿಗೆ ಸುರಿಯುವುದು ಸಾವಯವ ಹೊರೆಯನ್ನು ಹೆಚ್ಚಿಸುವ ಕೆಲಸ. ಹುದುಗುವಾಗ ಅನಿಲ ಹುಟ್ಟುವುದರಿಂದ ಗಾಜಿನ ಬಾಟಲಿ ಬಳಸಬಾರದು. ಪ್ಲಾಸ್ಟಿಕ್ ಡಬ್ಬವನ್ನು ಕಾಲುಭಾಗ ಖಾಲಿ ಬಿಟ್ಟು, ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಬೇಕು.

ಪಾತ್ರೆ, ಬಟ್ಟೆ ತೊಳೆಯಲು ಅಂಟುವಾಳ ಇದಕ್ಕಿಂತ ಸುಲಭ. ಬೀಜ ತೆಗೆದ ಹತ್ತು ಕಾಯಿಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಿದರೆ ಸಪೋನಿನ್ ಇರುವ ನೊರೆನೀರು ಸಿಗುತ್ತದೆ. ಅದು ನಾಲ್ಕೈದು ದಿನಗಳಲ್ಲಿ ಕೆಡುವುದರಿಂದ ಬೇಕಾದಷ್ಟೇ ಮಾಡಿಕೊಳ್ಳಬೇಕು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು.

ಮಳೆನೀರು ಸಂಗ್ರಹವನ್ನು ವಿದ್ಯಾರ್ಥಿಯೊಬ್ಬ ತಾನೇ ಮಾಡಲು ಸಾಧ್ಯವೇ?

ಪೂರ್ತಿ ವ್ಯವಸ್ಥೆಗೆ ಪ್ಲಂಬರ್ ಬೇಕಾಗುತ್ತದೆ. ಲೆಕ್ಕ ಮತ್ತು ಚಿಕ್ಕ ಪ್ರಯೋಗವನ್ನು ವಿದ್ಯಾರ್ಥಿಯೇ ಮಾಡಬಹುದು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಒಂದೇ ಸೂತ್ರ ಸಾಕು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಇರುವುದರಿಂದ, 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 97,000 ಲೀಟರ್ ಬೀಳುತ್ತದೆ. ಆವಿಯಾಗುವುದನ್ನೂ ಸೋರುವುದನ್ನೂ ಕಳೆದು ಶೇ 80ರಷ್ಟು ಹಿಡಿದರೂ ಸುಮಾರು 78,000 ಲೀಟರ್ ಕೈಗೆ ಸಿಗುತ್ತದೆ. ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ ಎತ್ತರಕ್ಕೆ ಪಂಪ್ ಮಾಡಿ ತರುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಪ್ರಯೋಗಕ್ಕೆ ಶೀಟು ಹೊದಿಸಿದ ಚಿಕ್ಕ ಶೆಡ್ಡು ಅಥವಾ ಪೋರ್ಟಿಕೋ ಅನುಕೂಲ. 10 ಚದರ ಮೀಟರ್ ಶೀಟಿನ ಮೇಲೆ 20 ಮಿ.ಮೀ. ಮಳೆಯಾದರೆ 200 ಲೀಟರಿನ ಡ್ರಮ್ ಬಹುಪಾಲು ತುಂಬುತ್ತದೆ. ನೇರ ಗೋಡೆಯ ಗಾಜಿನ ಡಬ್ಬಿಯನ್ನು ಬಯಲಿನಲ್ಲಿಟ್ಟು ಅದರಲ್ಲಿ ನಿಂತ ನೀರನ್ನು ಸ್ಕೇಲಿನಿಂದ ಅಳೆದರೆ ಅದೇ ಮಳೆಮಾಪಕ. ಲೆಕ್ಕಕ್ಕೂ ಡ್ರಮ್ಮಿನಲ್ಲಿ ನಿಜವಾಗಿ ನಿಂತ ನೀರಿಗೂ ಇರುವ ವ್ಯತ್ಯಾಸವನ್ನು ವಿವರಿಸುವುದೇ ಯೋಜನೆಯ ತಿರುಳು. ಮೊದಲ ಒಂದೆರಡು ಮಿಲಿಮೀಟರ್ ಮಳೆ ಧೂಳನ್ನೂ ಹಕ್ಕಿಗಳ ಹಿಕ್ಕೆಯನ್ನೂ ಹೊತ್ತು ತರುವುದರಿಂದ ಅದನ್ನು ಬೇರೆಡೆಗೆ ಹರಿಯಬಿಡಬೇಕು. ಡ್ರಮ್ಮಿನ ಬಾಯಿಗೆ ಬಿಗಿಯಾದ ಬಲೆ ಕಟ್ಟಲೇಬೇಕು, ಏಕೆಂದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲಿ ಮೊಟ್ಟೆಯಿಟ್ಟು ಒಂದು ವಾರದಿಂದ ಹತ್ತು ದಿನಗಳೊಳಗೆ ಹೊಸ ಸೊಳ್ಳೆಗಳು ಹೊರಬರುತ್ತವೆ. ಈ ನೀರು ಗಿಡಕ್ಕೆ, ಬಟ್ಟೆಗೆ, ನೆಲಕ್ಕೆ ಸರಿ; ಕುಡಿಯಲು ಬೇಡ.

ಬೆಂಗಳೂರಿನಲ್ಲಿ 2009ರ ಕಾನೂನು ತಿದ್ದುಪಡಿಯ ನಂತರ ಮಳೆನೀರು ಸಂಗ್ರಹ ಕಡ್ಡಾಯವಾಗಿದ್ದು, 60×40 ಅಡಿ ನಿವೇಶನದ ಹಳೆಯ ಮನೆಗಳಿಗೂ 30×40 ಅಡಿಯ ಹೊಸ ಮನೆಗಳಿಗೂ ಆಗ ಅದನ್ನು ಅನ್ವಯಿಸಲಾಯಿತು. ಬೇರೆ ಬೇರೆ ವಿಧಾನಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಥೀಮ್ ಪಾರ್ಕ್ ಇದೆ.

ಕರಾವಳಿಯ ಪ್ರಶ್ನೆ ಬೇರೆಯೇ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆಯಾದರೂ ನೀರು ಜಂಬಿಟ್ಟಿಗೆಯ ನೆಲದ ಮೂಲಕ ಬೇಗನೆ ಬಸಿದುಹೋಗಿ, ಏಪ್ರಿಲ್ ಮೇ ತಿಂಗಳಲ್ಲಿ ಎಷ್ಟೋ ಬಾವಿಗಳು ತಳ ಕಾಣುತ್ತವೆ. ಅಲ್ಲಿನ ವಿದ್ಯಾರ್ಥಿಗಳು ಡ್ರಮ್ಮನ್ನು ಬಿಟ್ಟು ಚಾವಣಿಯ ನೀರನ್ನು ಸೋಸಿ ಬಾವಿಗೆ ಇಳಿಸುವ ಮರುಪೂರಣವನ್ನು ಆರಿಸಿಕೊಂಡು, ಬಾವಿಯ ನೀರಿನ ಮಟ್ಟವನ್ನು ಗಂಟು ಹಾಕಿದ ಹಗ್ಗದಿಂದ ವಾರಕ್ಕೊಮ್ಮೆ ಅಳೆಯಬಹುದು.

ಮಳೆಗಾಲ ಮುಗಿದಿದೆ. ನೀರಿನ ಬಗ್ಗೆ ಬೇರೆ ಯಾವ ಯೋಜನೆ ಮಾಡಬಹುದು?

ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಗಂಟೆ ಲೋಟವಿಟ್ಟು ಅಳೆದು 24ರಿಂದ ಗುಣಿಸಿದರೆ ಬರುವ ಅಂಕಿಯೇ ಮನೆಯವರನ್ನು ವಾಷರ್ ಬದಲಿಸಲು ಎಬ್ಬಿಸುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಒಂದು ಲೀಟರ್ ಕುಡಿಯುವ ನೀರಿಗೆ ಎಷ್ಟು ಲೀಟರ್ ಹೊರಹೋಯಿತೆಂದು ನೋಡಬಹುದು. ಆ ನೀರಿನಲ್ಲಿ ಲವಣಾಂಶ ಹೆಚ್ಚಿರುವುದರಿಂದ ನೆಲ ಒರೆಸಲು, ಶೌಚಾಲಯಕ್ಕೆ ಬಳಸಬೇಕೇ ಹೊರತು ಕುಂಡದ ಗಿಡಗಳಿಗೆ ದಿನವೂ ಸುರಿಯಬಾರದು. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿನ ಅಭಾವ ತೀವ್ರವಾದಾಗ, ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ವಿಧಿಸುವುದರ ಜೊತೆಗೆ ಜಲಮಂಡಳಿ ನಲ್ಲಿಗಳಿಗೆ ನೀರಿನ ಹರಿವನ್ನು ತಗ್ಗಿಸುವ ಏರೇಟರ್ ಅಳವಡಿಸಲು ಸೂಚಿಸಿತ್ತು. ಏರೇಟರ್ ಹಾಕುವ ಮೊದಲು ಮತ್ತು ನಂತರ ಒಂದು ಲೀಟರಿನ ಪಾತ್ರೆ ತುಂಬಲು ತಗಲುವ ಸೆಕೆಂಡುಗಳನ್ನು ಹೋಲಿಸುವುದು ಏಳನೇ ತರಗತಿಯ ಮಕ್ಕಳೂ ಮಾಡಬಹುದಾದ ಕೆಲಸ.

ಎರಡು ಮಡಕೆಗಳ ಫ್ರಿಜ್ ಎಲ್ಲ ಊರುಗಳಲ್ಲೂ ಕೆಲಸ ಮಾಡುತ್ತದೆಯೇ?

ಇಲ್ಲ, ಮತ್ತು ಆ 'ಇಲ್ಲ'ದಲ್ಲೇ ಒಳ್ಳೆಯ ವಿಜ್ಞಾನವಿದೆ. ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಮರಳು ತುಂಬಿ ನೀರು ಹನಿಸಿದರೆ, ಆ ನೀರು ಹೊರಮೈಯಿಂದ ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು. ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ 1990ರ ದಶಕದಲ್ಲಿ ಇದನ್ನು ಅಲ್ಲಿನ ಒಣ ಪ್ರದೇಶದ ರೈತರಲ್ಲಿ ಬಳಕೆಗೆ ತಂದರು. ಕಲಬುರಗಿ, ರಾಯಚೂರು, ವಿಜಯಪುರಗಳ ಮಾರ್ಚ್‌ನಿಂದ ಮೇವರೆಗಿನ ಒಣ ಬಿಸಿಲಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮಂಗಳೂರಿನ ಸೆಕೆಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಹೆಚ್ಚು ತಣ್ಣಗಾಗುವುದಿಲ್ಲ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಗಾಳಿಗೆ ಹಿಡಿದಾಗ ತೋರುವ ಉಷ್ಣತೆಗಿಂತ ಕೆಳಗೆ ಮಡಕೆ ಹೋಗಲಾರದು. ಮಡಕೆ ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಿ ನೋಡಬಹುದು. ಸೊಪ್ಪು, ಟೊಮೆಟೊ, ಸೌತೆಕಾಯಿ ಇಡಲು ಇದು ತಕ್ಕದ್ದು. ಹಾಲು, ಮಾಂಸ, ಔಷಧಿಗಳನ್ನು ಇದರಲ್ಲಿ ನಂಬಿ ಇಡಬಾರದು.

ರಟ್ಟಿನ ಪೆಟ್ಟಿಗೆಯ ಸೋಲಾರ್ ಕುಕ್ಕರಿನಲ್ಲಿ ಅನ್ನ ಬೇಯುತ್ತದೆಯೇ?

ಒಂದರೊಳಗೊಂದು ಇಟ್ಟ ಎರಡು ಪೆಟ್ಟಿಗೆಗಳ ನಡುವೆ ಹಳೆಯ ಪತ್ರಿಕೆ ತುರುಕಿ, ಮೇಲೆ ಗಾಜು, ಒಳಗೆ ಕಪ್ಪು ಬಳಿದ ಮುಚ್ಚಳದ ಪಾತ್ರೆ ಇಟ್ಟರೆ ಬೇಸಿಗೆಯ ಮಧ್ಯಾಹ್ನ ಎರಡು ಮೂರು ಗಂಟೆಗಳಲ್ಲಿ ಅನ್ನ ಬೇಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಕೈಗೆತ್ತಿಕೊಳ್ಳಬಾರದು. ಬಿಸಿಲನ್ನು ಪೆಟ್ಟಿಗೆಯೊಳಗೆ ತಿರುಗಿಸಲು ಹೊಳೆಯುವ ಹಾಳೆಯ ಪ್ರತಿಫಲಕ ಇಟ್ಟಿದ್ದರೆ ಅದಕ್ಕೆ ನೇರವಾಗಿ ಕಣ್ಣಿಡಬಾರದು.

ನಮ್ಮ ಮನೆಯಲ್ಲಿ ಇನ್ನೂ ಕಟ್ಟಿಗೆ ಒಲೆಯಿದೆ. ಅದನ್ನು ಯೋಜನೆಯ ವಿಷಯವಾಗಿಸಬಹುದೇ?

ಖಂಡಿತ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ, ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ಕೇಂದ್ರದಿಂದ ಬಂದ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯರು ಇಂದಿಗೂ ನೆನೆಯುತ್ತಾರೆ. ಕಟ್ಟಿಗೆ ಕಡಿಮೆ ಸುಡಬೇಕು, ಹೊಗೆ ಕೊಳವೆಯ ಮೂಲಕ ಹೊರಹೋಗಬೇಕು ಎಂಬುದು ಅದರ ಉದ್ದೇಶವಾಗಿತ್ತು. ವಿದ್ಯಾರ್ಥಿಯು ಐದು ಲೀಟರ್ ನೀರು ಕುದಿಯಲು ಎಷ್ಟು ಕಟ್ಟಿಗೆ ಬೇಕಾಯಿತೆಂದು ತೂಗಿ, ಪಾತ್ರೆಗೆ ಮುಚ್ಚಳ ಹಾಕಿದಾಗ, ಕಟ್ಟಿಗೆ ಚೆನ್ನಾಗಿ ಒಣಗಿದಾಗ, ಒಲೆಯ ಬಾಯಿ ಕಿರಿದಾದಾಗ ಏನಾಗುತ್ತದೆ ಎಂದು ಹೋಲಿಸಬಹುದು. ಬಚ್ಚಲಿನ ಹಂಡೆ ಒಲೆಗೂ ಇದೇ ಪರೀಕ್ಷೆ ಹೊಂದುತ್ತದೆ. ಬೆಂಕಿಯ ಹತ್ತಿರದ ಕೆಲಸವಾದ್ದರಿಂದ ದೊಡ್ಡವರು ಜೊತೆಗಿರಬೇಕು.

ಕರೆಂಟು ಉಚಿತವಾಗಿರುವಾಗ ಉಳಿಸುವುದು ಏಕೆ?

2023ರ ಜುಲೈನಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವೆಂದು ಅನೇಕರು ತಿಳಿದಿದ್ದಾರೆ. ಆದರೆ ಅದರಲ್ಲಿ 2022–23ರ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ ಮನೆಮನೆಗೂ ಬೇರೆ ಬೇರೆ ಮಿತಿ ನಿಗದಿಯಾಯಿತು. 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ಆದ್ದರಿಂದ ಲೆಕ್ಕ ಇಡುವುದರಿಂದ ಮನೆಗೂ ಲಾಭವಿದೆ.

ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಮಿನುಗುವ ಚಿಕ್ಕ ಕೆಂಪು ದೀಪವೇ ಇಲ್ಲಿ ಉಪಕರಣ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. ಆ ಸಂಖ್ಯೆ 3,200 ಆಗಿದ್ದು, ನಿಮಿಷಕ್ಕೆ 16 ಸಲ ಮಿನುಗಿದರೆ, ಆ ಹೊತ್ತಿಗೆ ಮನೆ 300 ವ್ಯಾಟ್ ಬಳಸುತ್ತಿದೆ ಎಂದರ್ಥ. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಟಿವಿ, ಸೆಟ್‌ಟಾಪ್ ಬಾಕ್ಸ್, ಮೊಬೈಲ್ ಚಾರ್ಜರುಗಳನ್ನು ಒಂದೊಂದಾಗಿ ತೆಗೆದು ಕಾರಣ ಹುಡುಕಬಹುದು. ಮೀಟರಿನ ವೈರುಗಳನ್ನು ಮುಟ್ಟುವ ಅಗತ್ಯವೇ ಇಲ್ಲ, ಮುಟ್ಟಲೂಬಾರದು. ಹಳೆಯ 75 ವ್ಯಾಟಿನ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. ಹಾಗೆಂದು ಯೋಜನೆಗಾಗಿ ಚೆನ್ನಾಗಿರುವ ಫ್ಯಾನನ್ನು ಕಿತ್ತು ಹೊಸದು ಕೊಳ್ಳುವುದನ್ನು ನಾವು ಸಲಹೆ ಮಾಡುವುದಿಲ್ಲ.

ಪ್ಲಾಸ್ಟಿಕ್ ಬಾಟಲಿಗಳಿಂದ ಹೂಕುಂಡ, ಪೆನ್ ಸ್ಟ್ಯಾಂಡ್ ಮಾಡುವುದು ಮರುಬಳಕೆಯಲ್ಲವೇ?

ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲ ಎಂಬುದೇ ನಮ್ಮ ಅಭಿಪ್ರಾಯ. ಶುಚಿಯಾದ ನೀರಿನ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ, ಅದು ಕರಗಿ ಮತ್ತೆ ನೂಲಾಗಿಯೋ ಬೇರೆ ವಸ್ತುವಾಗಿಯೋ ಬರುತ್ತದೆ. ಬಣ್ಣ, ಗೋಂದು, ಮಿನುಗುಪುಡಿ ಹಚ್ಚಿದ ಬಾಟಲಿಯನ್ನು ಗುಜರಿಯವರೂ ತೆಗೆದುಕೊಳ್ಳುವುದಿಲ್ಲ. ಬಿಸಿಲಿಗಿಟ್ಟ ಬಾಟಲಿಯ ಕುಂಡ ಕೆಲವು ವರ್ಷಗಳಲ್ಲಿ ಗಡುಸಾಗಿ ಚೂರಾಗುತ್ತದೆ. ಇದರ ಬದಲು ಹಾಲಿನ ಪ್ಯಾಕೆಟ್ಟಿನ ತುದಿಯನ್ನು ಪೂರ್ತಿ ಕತ್ತರಿಸದೆ ಸೀಳುವುದು, ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಒಣ ಕಸದ ಚೀಲಕ್ಕೆ ಹಾಕುವುದು ಹೆಚ್ಚು ಉಪಕಾರಿ, ಏಕೆಂದರೆ ಪೂರ್ತಿ ಕತ್ತರಿಸಿದ ತುದಿಯ ಚಿಕ್ಕ ತುಂಡುಗಳನ್ನು ಯಾರೂ ಆರಿಸಲಾರರು.

ಹಳೆಯ ಬಟ್ಟೆಗಳಿಂದ ಏನು ಮಾಡಬಹುದು?

ಉತ್ತರ ಕರ್ನಾಟಕದ ಮನೆಗಳಲ್ಲಿ ಇದಕ್ಕೆ ಮೊದಲಿನಿಂದಲೂ ಕೌದಿ ಇದೆ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ತುಂಡು ಬಟ್ಟೆಗಳನ್ನು ಜೋಡಿಸಿ, ಸಾಲು ಹೊಲಿಗೆ ಹಾಕಿ ಮಾಡುವ ಈ ಹೊದಿಕೆ ಯಂತ್ರವಿಲ್ಲದೆ ಕೈಯಿಂದಲೇ ಆಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಮಹಿಳೆಯರ ಕೌದಿಗಳು ತಮ್ಮ ಬಣ್ಣಗಾರಿಕೆಯಿಂದ ಪ್ರಸಿದ್ಧವಾಗಿವೆ. ಅಜ್ಜಿಯ ಪಕ್ಕದಲ್ಲಿ ಕುಳಿತು ಕೂಸಿನ ಅಳತೆಯ ಒಂದು ಕೌದಿ ಹೊಲಿದು, ಅದಕ್ಕೆ ಎಷ್ಟು ತೂಕದ ಬಟ್ಟೆ ಹೋಯಿತೆಂದು ಬರೆದರೆ ಅದೊಂದು ಪೂರ್ಣ ಯೋಜನೆ. ಹತ್ತಿಯ ಬಟ್ಟೆಯನ್ನೇ ಆರಿಸಿಕೊಳ್ಳಬೇಕು.

ಮನೆಯಲ್ಲಿ ಮಾಡಲೇಬಾರದ ಯೋಜನೆಗಳು ಯಾವುವು?

ಪ್ಲಾಸ್ಟಿಕ್ ಕರಗಿಸಿ ಇಟ್ಟಿಗೆ ಮಾಡುವುದು ಮತ್ತು ಪ್ಲಾಸ್ಟಿಕ್ಕಿನಿಂದ ಪೆಟ್ರೋಲ್ ತೆಗೆಯುವುದು ಅಂತರ್ಜಾಲದ ವಿಡಿಯೊಗಳಲ್ಲಿ ಎಷ್ಟೇ ಸುಲಭವಾಗಿ ಕಂಡರೂ ಮನೆಯಲ್ಲಿ ಮಾಡಬಾರದು. ಅದರ ಹೊಗೆ ವಿಷಕಾರಿ, ಆವಿಗೆ ಬೆಂಕಿ ಹತ್ತುವ ಅಪಾಯವೂ ಇದೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ಪವರ್ ಬ್ಯಾಂಕ್ ಮಾಡುವುದೂ ಅಷ್ಟೇ ಅಪಾಯಕಾರಿ. ಕೆಟ್ಟ ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸ ಇರುವುದರಿಂದ ಅವುಗಳನ್ನು ಒಡೆದು ಅಲಂಕಾರಕ್ಕೆ ಬಳಸಬಾರದು. ಕ್ಯಾನಿನಲ್ಲಿ ಮಾಡುವ ಚಿಕ್ಕ ಜೈವಿಕ ಅನಿಲ ಘಟಕದಲ್ಲಿ ಹುಟ್ಟುವ ಮೀಥೇನ್ ಉರಿಯುವ ಅನಿಲವಾದ್ದರಿಂದ, ಅದನ್ನು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಶಾಲೆಯ ಬಯಲಿನಲ್ಲಿಯೇ ಮಾಡುವುದು ಸೂಕ್ತ.

ಇಂಥ ಯೋಜನೆಗಳನ್ನು ಎಲ್ಲಿ ಸಲ್ಲಿಸಬಹುದು?

10ರಿಂದ 17 ವರ್ಷದ ಮಕ್ಕಳಿಗೆ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವಿದೆ. 1993ರಿಂದ ನಡೆದುಬಂದ ಇದನ್ನು ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸಂಘಟಿಸುತ್ತ ಬಂದಿದೆ; ಸ್ಥಳೀಯ ಸಮಸ್ಯೆಯೊಂದನ್ನು ಸಮೀಕ್ಷೆ ಮತ್ತು ಅಳತೆಗಳ ಮೂಲಕ ಅಧ್ಯಯನ ಮಾಡಿದ ಯೋಜನೆಗಳಿಗೆ ಇಲ್ಲಿ ಮನ್ನಣೆ. ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಶಾಲೆಯ ಮೂಲಕ ಹೊಸ ಕಲ್ಪನೆಗಳನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬಹುದು, ಆಯ್ಕೆಯಾದ ವಿದ್ಯಾರ್ಥಿಯ ಖಾತೆಗೆ 10,000 ರೂಪಾಯಿ ಬರುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವಿದೆ.

ವರದಿಯಲ್ಲಿ ಆರಂಭದ ವಾರದ ಅಳತೆ, ಯೋಜನೆಯ ನಂತರದ ಅಳತೆ, ಖರ್ಚು ಮತ್ತು ನಿರೀಕ್ಷೆಯಂತೆ ನಡೆಯದ ಭಾಗ, ಈ ನಾಲ್ಕೂ ಇರಬೇಕು. ಅಂತರ್ಜಾಲದಿಂದ ಇಳಿಸಿಕೊಂಡ ಬಣ್ಣದ ಚಿತ್ರಗಳಿಗಿಂತ, ಕೈಬರಹದಲ್ಲಿ ದಿನಾಂಕ ಹಾಕಿ ಬರೆದಿಟ್ಟ ನೋಟ್‌ಬುಕ್ಕನ್ನೇ ತೀರ್ಪುಗಾರರು ಮೊದಲು ಕೇಳುತ್ತಾರೆ.